ಗಂಡಸಿನ ದನಿ ಒಡೆಯದೇ ಉಳಿದರೆ

ಪ್ರಶ್ನೆ: ವಯಸ್ಸು 27. ಫೋನಿನಲ್ಲಿ ಎಲ್ಲರೂ ‘ಮೇಡಂ’ ಎನ್ನುತ್ತಾರೆ. ನನ್ನ ದನಿ ಬದಲಾದೀತೇ?

ಉತ್ತರ: ಬದಲಾಗುವ ಸಾಧ್ಯತೆ ಹೆಚ್ಚು. ಮಾತಾಡುವಾಗ ಗಂಡಸರ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 100ರಿಂದ 150 ಸಲ, ಹೆಂಗಸರವು 200ರ ಆಸುಪಾಸು ಕಂಪಿಸುತ್ತವೆ. ಹರೆಯದಲ್ಲಿ ಧ್ವನಿಪೆಟ್ಟಿಗೆ ಬೆಳೆದರೂ ಕೆಲವರು ಹಳೆಯ ಎಳೆದನಿಯಲ್ಲೇ ಉಳಿಯುತ್ತಾರೆ, ಇದು ಪ್ಯೂಬರ್‌ಫೋನಿಯಾ. ಕೆಮ್ಮಿದಾಗ ದಪ್ಪ ದನಿ ಹೊರಟರೆ, ಅದು ನಿಮ್ಮೊಳಗೇ ಇದೆ ಎಂಬುದಕ್ಕೆ ಗಟ್ಟಿ ಸುಳಿವು. ಹಾರ್ಮೋನ್ ಕೊರತೆ ಇರಬಹುದೇ ಎಂಬ ಅನುಮಾನ ಸಹಜ. ಗಡ್ಡಮೀಸೆ, ಮೈಕಟ್ಟು ವಯಸ್ಸಿಗೆ ತಕ್ಕಂತಿದ್ದರೆ ಆ ಸಂಭವ ಕಡಿಮೆ. ಆದರೂ ಇಎನ್‌ಟಿ ವೈದ್ಯರು ಮೊದಲು ಗಂಟಲು ನೋಡಲಿ. ಬಳಿಕ ವಾಕ್ ಚಿಕಿತ್ಸೆ: ಹೆಚ್ಚಿನವರಿಗೆ ಇದೇ ಸಾಕು, ಶಸ್ತ್ರಚಿಕಿತ್ಸೆ ಬೇಕಾಗುವುದು ಅಪರೂಪ. ನೀವಾಗಿಯೇ ಗಂಟಲು ಬಿಗಿದು ದನಿ ದಪ್ಪ ಮಾಡಲು ಹೋಗಬೇಡಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತಜ್ಞರಿದ್ದಾರೆ. ಸಂಕೋಚ ಬಿಟ್ಟು ಹೋಗಿ.