ಹಳಿ ಬಿಟ್ಟು ಕಾಣುವ ರೈಲು

ಬೈರಾಪಟ್ಟಣದ ನಮ್ಮ ಮನೆಗೆ ಬಂದವರಿಗೆ ಚನ್ನಪಟ್ಟಣದ ರೇಡಾರ್ ಚಿತ್ರ ತೋರಿಸಿದರೆ ಮೊದಲು ಹುಬ್ಬು ಗಂಟಿಕ್ಕುತ್ತಾರೆ. ಬಣ್ಣವಿಲ್ಲ, ಬರೀ ಕಪ್ಪು ಬಿಳುಪಿನ ಚುಕ್ಕಿಗಳು. ಕಣ್ವ ಜಲಾಶಯ ಅಚ್ಚ ಕಪ್ಪು. ನಿಂತ ನೀರು ರೇಡಾರ್ ಅಲೆಯನ್ನು ಅತ್ತಲೇ ಜಾರಿಸಿಬಿಡುತ್ತದೆ. ಪೇಟೆಯ ಗೋಡೆಗಳು, ತಗಡಿನ ಸೂರುಗಳು ಬೆಳ್ಳಗೆ ಹೊಳೆಯುತ್ತವೆ. ಯುರೋಪಿನ ಸೆಂಟಿನೆಲ್-1 ಉಪಗ್ರಹದ ಚಿತ್ರವಿದು, ಯಾರು ಬೇಕಾದರೂ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು. ಕತ್ತಲು, ಮುಂಗಾರಿನ ಮೋಡ ಯಾವುದೂ ಅದಕ್ಕೆ ಅಡ್ಡಿಯಲ್ಲ.

“ನಾನು ಗಾಡೀಲಿ ಹೋಗೋದೂ ಕಾಣ್ತದೇನೋ ಇದ್ರಲ್ಲಿ?” ಅಂದರು ದೊಡ್ಡಪ್ಪ.

“ನಿಮ್ಮ ಗಾಡಿ ಕಾಣಲ್ಲ ದೊಡ್ಡಪ್ಪ. ರೈಲು ಕಂಡ್ರೂ ಹಳಿ ಮೇಲೆ ಕಾಣಲ್ಲ.”

ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುವ ನನಗೆ ಇಷ್ಟವಾದ ಒಗಟು ಇದು. ಉಪಗ್ರಹ ಪಕ್ಕಕ್ಕೆ ಮುಖ ಮಾಡಿಕೊಂಡು, ಸೆಕೆಂಡಿಗೆ ಸುಮಾರು 7.5 ಕಿ.ಮೀ. ವೇಗದಲ್ಲಿ ಓಡುತ್ತ ಅಲೆಗಳನ್ನು ಬಿಡುತ್ತಲೇ ಇರುತ್ತದೆ. ಮುಂದಿರುವ ವಸ್ತುವಿನಿಂದ ಮರಳಿದ ಅಲೆಯ ಆವರ್ತನ ತುಸು ಏರಿರುತ್ತದೆ, ಹಿಂದೆ ಬಿದ್ದದ್ದರದು ಇಳಿದಿರುತ್ತದೆ. ರೈಲ್ವೆ ಗೇಟಿನಲ್ಲಿ ನಿಂತವರಿಗೆ ಹಾರ್ನ್ ಹತ್ತಿರ ಬರುವಾಗ ಕೀರಲಾಗಿ, ದಾಟಿದ ಮೇಲೆ ದಪ್ಪಗೆ ಕೇಳಿಸುವ ಹಾಗೆ. ಈ ಏರಿಳಿತದಿಂದಲೇ ಯಾವುದು ಎಲ್ಲಿದೆಯೆಂದು ಗುರುತಿಸಬಹುದೆಂದು 1951ರಲ್ಲಿ ಅಮೆರಿಕದ ಕಾರ್ಲ್ ವೈಲಿ ಕಂಡುಕೊಂಡರು. ನೆಲದ ಮೇಲಿನದೆಲ್ಲ ನಿಂತಲ್ಲೇ ನಿಂತಿದೆ ಅನ್ನುವುದು ಇಡೀ ಲೆಕ್ಕದ ಬುನಾದಿ.

ಮೈಸೂರಿನ ರೈಲು ಆ ಬುನಾದಿಯನ್ನೇ ಅಲ್ಲಾಡಿಸುತ್ತದೆ. ಅದು ಸೆಕೆಂಡಿಗೆ 10 ಮೀಟರಿನಂತೆ ರೇಡಾರ್ ಕಡೆಗೆ ಸರಿಯುತ್ತಿದೆ, ಉಪಗ್ರಹ ಓರೆಯಾಗಿ 900 ಕಿ.ಮೀ. ದೂರದಲ್ಲಿದೆ ಎಂದಿಟ್ಟುಕೊಳ್ಳಿ. 900ನ್ನು 7.5ರಿಂದ ಭಾಗಿಸಿ, 10ರಿಂದ ಗುಣಿಸಿ: 1,200 ಮೀಟರ್. ಹಳಿ ಖಾಲಿ, ರೈಲು ಒಂದು ಕಿಲೋಮೀಟರ್ ಆಚೆಯ ಹಿಪ್ಪುನೇರಳೆ ತೋಟದಲ್ಲಿ ಬಿಳಿ ಗೀರಾಗಿ ಕೂತಿರುತ್ತದೆ. ಉಪಗ್ರಹದ ದಾರಿಗೆ ಸಮಾನಾಂತರವಾಗಿ ಓಡಿದರೆ ಜಾಗ ತಪ್ಪುವುದಿಲ್ಲ, ಆದರೆ ಚಿತ್ರ ಕಲಸಿಹೋಗುತ್ತದೆ.

ಹಳಿ ಎಲ್ಲಿದೆಯೆಂದು ಗೊತ್ತಿದ್ದರೆ ಇದೇ ಲೆಕ್ಕವನ್ನು ತಿರುಗಿಸಿ ಹಾಕಿ ವೇಗ ತಿಳಿಯಬಹುದು. ಆದರೆ ಸಣ್ಣ ಕಾರು ಸುತ್ತಲಿನ ಹೊಲಮನೆಗಳ ಹೊಳಪಿನಲ್ಲಿ ಕಳೆದುಹೋಗುತ್ತದಲ್ಲ? ಅದಕ್ಕೆ ಒಂದರ ಹಿಂದೊಂದು ಎರಡು ಆಂಟೆನಾ ಬೇಕು. ಒಂದೇ ಜಾಗವನ್ನು ಎರಡೂ ಕ್ಷಣದ ಅಂತರದಲ್ಲಿ ನೋಡುತ್ತವೆ. ಒಂದು ಚಿತ್ರದಿಂದ ಇನ್ನೊಂದನ್ನು ಕಳೆದರೆ ನಿಂತದ್ದೆಲ್ಲ ಅಳಿಸಿಹೋಗಿ, ಚಲಿಸಿದ್ದು ಉಳಿಯುತ್ತದೆ. 2007ರಲ್ಲಿ ಹಾರಿದ ಜರ್ಮನಿಯ ಟೆರಾಸಾರ್-ಎಕ್ಸ್, ಕೆನಡಾದ ರೇಡಾರ್‌ಸ್ಯಾಟ್-2 ತಮ್ಮ ಆಂಟೆನಾವನ್ನೇ ಎರಡು ಪಾಲು ಮಾಡಿ ಇದನ್ನು ಪರೀಕ್ಷಿಸಿದವು.

ನಮ್ಮ ಕಡೆಯವರು ಇಂಥ ಮಾತು ಬಂದರೆ ಬ್ಯಾಲಾಳಿನ ದೊಡ್ಡ ಡಿಶ್ ನೆನೆಯುತ್ತಾರೆ. ಆ 32 ಮೀಟರ್ ಆಂಟೆನಾ ಇರುವುದು ಚಂದ್ರಯಾನ, ಮಂಗಳಯಾನಗಳಂಥ ನೌಕೆಗಳ ಜೊತೆ ಮಾತಾಡಲು. ಇಸ್ರೋ ಮತ್ತು ನಾಸಾ 2025ರ ಜುಲೈ 30ರಂದು ಹಾರಿಸಿದ ನಿಸಾರ್ ಕೂಡ ರೇಡಾರ್ ಉಪಗ್ರಹವೇ. ಅದು ಹುಡುಕುವುದು ನೆಲ ಸೆಂಟಿಮೀಟರುಗಳಲ್ಲಿ ಕುಸಿದದ್ದನ್ನು, ಸರಿದದ್ದನ್ನು. ಅದೇ ಹಾದಿಗೆ ಮರಳುವುದು 12 ದಿನಕ್ಕೊಮ್ಮೆ. ಹೆದ್ದಾರಿಯಲ್ಲಿ ವೇಗ ಮೀರಿದವರನ್ನು ಹಿಡಿಯಲು ಕಂಬದ ಮೇಲಿನ ಕ್ಯಾಮೆರಾವೇ ವಾಸಿ.

ಸಮುದ್ರದಲ್ಲಿ ಮಾತ್ರ ಈ ವಿದ್ಯೆ ನಿಜಕ್ಕೂ ಕೈಹಿಡಿಯುತ್ತದೆ. ಕಪ್ಪು ನೀರಿನ ಮೇಲೆ ಹಡಗು ಬೆಳ್ಳಗೆ ಎದ್ದು ಕಾಣುತ್ತದೆ. ಅದು ನೀರು ಸೀಳಿದ ಗೆರೆ ಇದ್ದಲ್ಲೇ ಇದ್ದು, ಹಡಗು ಮಾತ್ರ ಪಕ್ಕಕ್ಕೆ ಜರುಗಿರುತ್ತದೆ. ಎರಡರ ನಡುವಿನ ಅಂತರ ಅಳೆದರೆ ವೇಗ ಸಿಕ್ಕಿತು. ತನ್ನ ಗುರುತು ಸಾರುವ ಯಂತ್ರವನ್ನು ಆರಿಸಿ ಕದ್ದು ಸಾಗುವ ಹಡಗಿಗೂ ಈ ಲೆಕ್ಕ ತಪ್ಪಿದ್ದಲ್ಲ.