ಕಾರನ್ನು ಚಾರ್ಜಿಗೆ ಹಾಕುವ ಹೊತ್ತು

ಪೆಟ್ರೋಲ್ ಕಾರಿಗೆ ಇಂಧನ ಹಾಕಿಸುವಾಗ ಹೊತ್ತಿನ ಪ್ರಶ್ನೆ ಬರುವುದಿಲ್ಲ. ಬೆಳಿಗ್ಗೆ ಹಾಕಿಸಿದರೂ ರಾತ್ರಿ ಹಾಕಿಸಿದರೂ ಲೀಟರಿನ ಬೆಲೆ ಅದೇ, ಎಂಜಿನ್ನಿಗೂ ವ್ಯತ್ಯಾಸವಿಲ್ಲ. ವಿದ್ಯುತ್ ಕಾರಿನ ವಿಷಯ ಹಾಗಲ್ಲ. ಏಳೇ ಯೂನಿಟ್ ಕರೆಂಟು ತುಂಬುವುದಾದರೂ ಅದನ್ನು ಸಂಜೆ ಏಳಕ್ಕೆ ತುಂಬುವುದು ಒಂದು ರೀತಿ, ನಡುರಾತ್ರಿ ಇನ್ನೊಂದು ರೀತಿ, ಮಟಮಟ ಮಧ್ಯಾಹ್ನ ಮತ್ತೊಂದು ರೀತಿ. ಮನೆಯ ವೈರಿಂಗಿನಿಂದ ಹಿಡಿದು ಕಾರಿನ ಬ್ಯಾಟರಿ, ಬೀದಿಯ ಟ್ರಾನ್ಸ್‌ಫಾರ್ಮರ್, ನೂರಾರು ಕಿಲೋಮೀಟರ್ ದೂರದ ವಿದ್ಯುತ್ ಸ್ಥಾವರದವರೆಗೆ ಈ ವ್ಯತ್ಯಾಸ ತಟ್ಟುತ್ತದೆ.

ಮೊದಲು ಲೆಕ್ಕ ನೋಡೋಣ. ಮಧ್ಯಮ ಗಾತ್ರದ ವಿದ್ಯುತ್ ಕಾರು ಒಂದು ಯೂನಿಟ್‌ಗೆ ಆರೇಳು ಕಿಲೋಮೀಟರ್ ಓಡುತ್ತದೆ. ದಿನಕ್ಕೆ 40 ಕಿಲೋಮೀಟರ್ ಓಡಿದರೆ ಬ್ಯಾಟರಿಯಿಂದ ಆರು ಯೂನಿಟ್ ಖರ್ಚು. ಗೋಡೆಯಿಂದ ಬ್ಯಾಟರಿಗೆ ಹೋಗುವ ದಾರಿಯಲ್ಲಿ ಹತ್ತು ಹದಿನೈದು ಪ್ರತಿಶತ ಬಿಸಿಯಾಗಿ ಕಳೆದುಹೋಗುವುದರಿಂದ ಮೀಟರಿನಲ್ಲಿ ಏಳು ಯೂನಿಟ್ ಓಡುತ್ತದೆ. ಮನೆಯ 15 ಆಂಪ್ ಸಾಕೆಟ್ಟಿನಿಂದ ಸುಮಾರು 3.2 ಕಿಲೋವ್ಯಾಟ್ ಸಿಗುತ್ತದೆಂದರೆ ಎರಡೂಕಾಲು ಗಂಟೆಯಲ್ಲಿ ಕೆಲಸ ಮುಗಿಯಿತು. ಸಂಜೆ ಏಳಕ್ಕೆ ಮನೆ ಸೇರಿದ ಕಾರು ಮರುದಿನ ಎಂಟಕ್ಕೆ ಹೊರಡುವುದಾದರೆ ಅದು ನಿಂತಿರುವುದು ಹದಿಮೂರು ಗಂಟೆ. ಅಷ್ಟು ಹೊತ್ತಿನಲ್ಲಿ ಯಾವ ಎರಡೂಕಾಲು ಗಂಟೆಯನ್ನು ಆರಿಸಿಕೊಳ್ಳುತ್ತೇವೆ ಎನ್ನುವುದು ಪೂರ್ತಿ ನಮ್ಮ ಕೈಯಲ್ಲಿದೆ. ಆದರೆ ಬಹಳ ಜನ ಮಾಡುವುದು ಒಂದೇ ಕೆಲಸ: ಮನೆಗೆ ಬಂದ ಕೂಡಲೇ ಚಾರ್ಜಿಂಗ್ ಗನ್ ಸಿಕ್ಕಿಸಿ ಸ್ವಿಚ್ ಹಾಕಿಬಿಡುವುದು. ನಾಲ್ಕೂ ಕಡೆಯಿಂದ ನೋಡಿದರೆ ಅದೇ ಎಲ್ಲಕ್ಕಿಂತ ಕೆಟ್ಟ ಹೊತ್ತು.

ಗನ್ನಿನೊಳಗಿನ ಮಾತುಕತೆ

ಗೋಡೆಗೆ ತಗುಲಿಸಿದ ಪೆಟ್ಟಿಗೆಯನ್ನು ನಾವೆಲ್ಲ ಚಾರ್ಜರ್ ಎನ್ನುತ್ತೇವೆ. ನಿಜವಾದ ಚಾರ್ಜರ್ ಇರುವುದು ಕಾರಿನೊಳಗೆ. ಮನೆಯ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿಯಾಗಿ ಮಾರ್ಪಡಿಸುವುದು ಅದೇ. ಗೋಡೆಯ ಪೆಟ್ಟಿಗೆ ಒಬ್ಬ ಕಾವಲುಗಾರ ಮಾತ್ರ: ಎಷ್ಟು ಆಂಪ್ ಕೊಡಬಹುದು, ಅರ್ತಿಂಗ್ ಸರಿಯಿದೆಯೇ, ಎಲ್ಲಾದರೂ ಕರೆಂಟು ಸೋರುತ್ತಿದೆಯೇ ಎಂದು ನೋಡಿ ಬಾಗಿಲು ತೆರೆಯುವುದು, ಮುಚ್ಚುವುದು ಅದರ ಕೆಲಸ.

ನಮ್ಮ ಕಾರುಗಳಲ್ಲಿ ಬಳಸುವ ಟೈಪ್ 2 ಗನ್ನಿನ ಮೂತಿಯನ್ನು ಹತ್ತಿರದಿಂದ ನೋಡಿ. ಏಳು ತೂತುಗಳಿವೆ. ಐದು ದೊಡ್ಡವು ಕರೆಂಟಿಗೆ ಮತ್ತು ಅರ್ತಿಂಗಿಗೆ. ಮೇಲಿನ ಎರಡು ಚಿಕ್ಕವು ಮಾತುಕತೆಗೆ. ಆ ಎರಡರಲ್ಲಿ ಒಂದಕ್ಕೆ ಪೈಲಟ್ ತಂತಿ ಎಂದು ಹೆಸರು. ಗನ್ ಖಾಲಿ ತೂಗುತ್ತಿರುವಾಗ ಅದರಲ್ಲಿ 12 ವೋಲ್ಟ್ ಇರುತ್ತದೆ. ಕಾರಿಗೆ ಸಿಕ್ಕಿಸಿದೊಡನೆ ಕಾರಿನೊಳಗಿನ ಒಂದು ರೆಸಿಸ್ಟರ್ ಅದನ್ನು 9 ವೋಲ್ಟಿಗೆ ಇಳಿಸುತ್ತದೆ. ಕಾರು ಬಂದು ಸೇರಿದೆ ಎಂದು ಪೆಟ್ಟಿಗೆಗೆ ತಿಳಿಯುವುದು ಹೀಗೆ. ಆಮೇಲೆ ಪೆಟ್ಟಿಗೆ ಸೆಕೆಂಡಿಗೆ ಸಾವಿರ ಸಲ ಮಿಡಿಯುವ ಸಂಕೇತ ಕಳಿಸುತ್ತದೆ. ಮಿಡಿತದ ಅಗಲವೇ ಸಂದೇಶ. ಒಂದು ಪ್ರತಿಶತ ಅಗಲಕ್ಕೆ 0.6 ಆಂಪ್ ಎಂದು ಲೆಕ್ಕ. ಅಗಲ 27 ಪ್ರತಿಶತದ ಹತ್ತಿರ ಇದ್ದರೆ 16 ಆಂಪ್ ಎಳೆಯಬಹುದು, 53ರ ಹತ್ತಿರ ಇದ್ದರೆ 32 ಆಂಪ್. ಕಾರು ಸಿದ್ಧವಾದಾಗ ವೋಲ್ಟೇಜನ್ನು 6ಕ್ಕೆ ಇಳಿಸುತ್ತದೆ. ಪೆಟ್ಟಿಗೆಯೊಳಗಿನ ಕಾಂಟಾಕ್ಟರ್ ‘ಟಕ್’ ಎಂದು ಕೂಡಿಕೊಳ್ಳುತ್ತದೆ, ಕರೆಂಟು ಹರಿಯುತ್ತದೆ. ಆ ಸದ್ದು ಕೇಳುವವರೆಗೆ ದೊಡ್ಡ ಪಿನ್ನುಗಳಲ್ಲಿ ವಿದ್ಯುತ್ತೇ ಇರುವುದಿಲ್ಲ.

ಹೊತ್ತು ಗೊತ್ತುಮಾಡುವುದು ಎಂದರೆ ಇಷ್ಟೇ. ಗನ್ ಸಿಕ್ಕಿಸಿದ್ದರೂ ಕಾರು 9 ವೋಲ್ಟಿನಲ್ಲೇ ಕಾಯುತ್ತದೆ, ಹೇಳಿದ ಹೊತ್ತಿಗೆ 6ಕ್ಕೆ ಇಳಿಸುತ್ತದೆ. ಈ ಹೊತ್ತನ್ನು ಕಾರಿನ ಪರದೆಯಲ್ಲೋ ಮೊಬೈಲ್ ಆ್ಯಪ್‌ನಲ್ಲೋ ಹೇಳಬಹುದು. ಗೋಡೆಯ ಪೆಟ್ಟಿಗೆ ಸ್ಮಾರ್ಟ್ ಆಗಿದ್ದರೆ ಅದಕ್ಕೂ ಹೇಳಬಹುದು. ಎರಡಕ್ಕೂ ಹೇಳಬಾರದು. ಪೆಟ್ಟಿಗೆಗೆ ರಾತ್ರಿ ಹನ್ನೊಂದರಿಂದ ಐದು, ಕಾರಿಗೆ ಐದರಿಂದ ಏಳು ಎಂದು ಹೇಳಿಟ್ಟರೆ ಒಬ್ಬರು ಕೊಡುವಾಗ ಇನ್ನೊಬ್ಬರು ತೆಗೆದುಕೊಳ್ಳುವುದಿಲ್ಲ, ಬೆಳಿಗ್ಗೆ ಬ್ಯಾಟರಿ ಇದ್ದಲ್ಲೇ ಇರುತ್ತದೆ. ಸಾಕೆಟ್ಟಿಗೇ ಟೈಮರ್ ಸ್ವಿಚ್ ಹಾಕಿ ಕತ್ತರಿಸುವುದೂ ಸರಿಯಲ್ಲ. 14 ಆಂಪ್ ಹರಿಯುತ್ತಿರುವಾಗ ಕಿಡಿ ಹಾರಿ ಸ್ವಿಚ್ಚಿನ ತುದಿಗಳು ಸುಟ್ಟುಹೋಗುತ್ತವೆ.

ಸಾಕೆಟ್ಟು ಬಿಸಿಯಾಗುವುದೇಕೆ?

2001ರಲ್ಲಿ ಬೆಂಗಳೂರಿನಿಂದ ರಸ್ತೆಗಿಳಿದ ರೇವಾ ಕಾರು ಕೂಡ ಮನೆಯ 15 ಆಂಪ್ ಸಾಕೆಟ್ಟಿನಿಂದಲೇ ಚಾರ್ಜ್ ಆಗುತ್ತಿತ್ತು. ಆ ಸಾಕೆಟ್ಟನ್ನು ನಾವು ಹಾಕಿಸಿಕೊಂಡಿರುವುದು ಗೀಸರಿಗೋ ಇಸ್ತ್ರಿ ಪೆಟ್ಟಿಗೆಗೋ. ಗೀಸರ್ ಕಾಲು ಗಂಟೆ ಓಡಿ ನಿಲ್ಲುತ್ತದೆ. ಕಾರು ಗಂಟೆಗಟ್ಟಲೆ ಬಿಡದೆ ಎಳೆಯುತ್ತದೆ. ಪ್ಲಗ್ಗಿನ ಪಿನ್ನು ಸಡಿಲವಾಗಿ, ಅಲ್ಲಿ ಬರೀ 0.1 ಓಮ್ ತಡೆ ಉಂಟಾಯಿತೆನ್ನಿ. 14 ಆಂಪ್ ಹರಿದಾಗ ಹುಟ್ಟುವ ಬಿಸಿ 14 ಗುಣಿಸು 14 ಗುಣಿಸು 0.1, ಅಂದರೆ ಸುಮಾರು 20 ವ್ಯಾಟ್. ರೇಡಿಯೋ ರಿಪೇರಿಯವರು ಬೆಸುಗೆಗೆ ಬಳಸುವ ಸಣ್ಣ ಸೋಲ್ಡರಿಂಗ್ ಕಡ್ಡಿಯ ಬಿಸಿ ಹೆಚ್ಚುಕಡಿಮೆ ಅಷ್ಟೇ. ಅದನ್ನು ಪ್ಲಾಸ್ಟಿಕ್ ಸಾಕೆಟ್ಟಿನೊಳಗೆ ಎರಡು ಮೂರು ಗಂಟೆ ಇಟ್ಟ ಹಾಗೆ ಆಯಿತು.

ಆದ್ದರಿಂದ ಕಾರಿಗೆ ಡಿಬಿ ಬೋರ್ಡಿನಿಂದ ಬೇರೆಯೇ ಲೈನ್ ಎಳೆಸಬೇಕು. ಅದಕ್ಕೆ 4 ಚದರ ಮಿಲಿಮೀಟರಿನ ತಾಮ್ರದ ವೈರ್, ಅದರದೇ ಎಂಸಿಬಿ, 30 ಮಿಲಿಆಂಪ್ ಸೋರಿದರೂ ಕಡಿದುಹೋಗುವ ಆರ್‌ಸಿಸಿಬಿ ಇರಬೇಕು. 7.2 ಕಿಲೋವ್ಯಾಟಿನ ಪೆಟ್ಟಿಗೆಗೆ ವೈರ್ ಇನ್ನೂ ದಪ್ಪ ಬೇಕು. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ಚಾರ್ಜಿಂಗ್ ಶುರುವಾಗಿ ಅರ್ಧ ಗಂಟೆಯಾದ ಮೇಲೆ ಪ್ಲಗ್ಗನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಅಡ್ಡಿಯಿಲ್ಲ, ಕೈ ಇಡಲಾಗದಿದ್ದರೆ ಆಗಲೇ ನಿಲ್ಲಿಸಿ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಪೆಟ್ಟಿಗೆಯಲ್ಲಿ ಅರ್ತಿಂಗಿನ ಕೆಂಪು ದೀಪ ಉರಿದರೆ ಅದನ್ನು ದಾಟಿಸುವ ಉಪಾಯ ಹುಡುಕಬೇಡಿ. ಬೇಸಿಗೆಯಲ್ಲಿ ಅರ್ತ್ ಗುಂಡಿ ಒಣಗಿರಬಹುದು, ನೀರು ಹಾಕಿಸಿ, ಅಳತೆ ಮಾಡಿಸಿ.

ಮನೆಯ ಮಂಜೂರಾದ ಲೋಡ್ ಎಷ್ಟಿದೆ ಎಂದೂ ಕರೆಂಟು ಬಿಲ್ಲಿನಲ್ಲಿ ನೋಡಿಕೊಳ್ಳಿ. ಹಳೆಯ ಮನೆಗಳಲ್ಲಿ ಅದು ಮೂರು ಕಿಲೋವ್ಯಾಟ್ ಇದ್ದರೆ ಕಾರೊಂದೇ ಅದನ್ನು ತುಂಬಿಬಿಡುತ್ತದೆ. ಅದರ ಜೊತೆಗೆ ಸಂಪಿನಿಂದ ನೀರೆತ್ತುವ ಮೋಟಾರು, ಗೀಸರ್, ಇಂಡಕ್ಷನ್ ಒಲೆ ಕೂಡಿದರೆ ಎಂಸಿಬಿ ಬೀಳುವುದು ಖಂಡಿತ. ಗೃಹಜ್ಯೋತಿ ಯೋಜನೆಯ ಉಚಿತ ಕರೆಂಟು ಪಡೆಯುತ್ತಿರುವವರು ಇನ್ನೊಂದು ವಿಷಯ ಗಮನಿಸಬೇಕು. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡುವ ಕಾರಿಗೆ ಸುಮಾರು 175 ಯೂನಿಟ್ ಬೇಕು. ಯೂನಿಟ್‌ಗೆ ಆರು ರೂಪಾಯಿಯಂತೆ ಹಿಡಿದರೆ ಅದು ಸಾವಿರ ರೂಪಾಯಿ ಚಿಲ್ಲರೆ, ಪೆಟ್ರೋಲಿಗಿಂತ ಎಷ್ಟೋ ಅಗ್ಗ. ಆದರೆ ಮನೆಬಳಕೆಯ ಜೊತೆ ಸೇರಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಕೇಂದ್ರ ಸರ್ಕಾರ 2024ರಲ್ಲಿ ತಿದ್ದಿದ ಗ್ರಾಹಕರ ಹಕ್ಕುಗಳ ನಿಯಮದಂತೆ ವಿದ್ಯುತ್ ವಾಹನಕ್ಕೆ ಬೇರೆ ಸಂಪರ್ಕವನ್ನೇ ಕೇಳಿ ಪಡೆಯಬಹುದು. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಯಾವುದೇ ಇರಲಿ, ಉಪವಿಭಾಗದ ಕಚೇರಿಯಲ್ಲಿ ವಿಚಾರಿಸಿ.

ಬ್ಯಾಟರಿಗೆ ಯಾವುದು ಹಿತ?

ಲೀಥಿಯಂ ಬ್ಯಾಟರಿ ಎರಡು ಸಂದರ್ಭಗಳಲ್ಲಿ ಬೇಗ ಮುಪ್ಪಾಗುತ್ತದೆ: ಪೂರ್ತಿ ತುಂಬಿಕೊಂಡು ಸುಮ್ಮನೆ ನಿಂತಾಗ, ಬಿಸಿಯಲ್ಲಿ ಇದ್ದಾಗ. ತುಂಬಿದ ಸ್ಥಿತಿಯಲ್ಲಿ ಒಳಗಿನ ರಾಸಾಯನಿಕಗಳು ಹೆಚ್ಚು ಚುರುಕಾಗಿರುತ್ತವೆ. ಸ್ವಲ್ಪ ಸ್ವಲ್ಪವಾಗಿ ಲೀಥಿಯಂ ಗ್ರಾಫೈಟಿನ ಮೇಲಿನ ತೆಳುಪೊರೆಯಲ್ಲಿ ಸಿಕ್ಕಿಬೀಳುತ್ತದೆ, ಮತ್ತೆ ಕೆಲಸಕ್ಕೆ ಬರುವುದಿಲ್ಲ. ಬಿಸಿ ಈ ಕ್ರಿಯೆಗೆ ವೇಗ ಕೊಡುತ್ತದೆ. ಸಂಜೆ ಓಡಿ ಬಂದ ಕಾರಿನ ಬ್ಯಾಟರಿ ಬಿಸಿಯಾಗಿರುತ್ತದೆ. ಆಗಲೇ ಚಾರ್ಜಿಗೆ ಹಾಕಿ ರಾತ್ರಿ ಹತ್ತಕ್ಕೆ ಪೂರ್ತಿ ತುಂಬಿಸಿದರೆ ಬೆಳಗಿನ ತನಕ ಅದು ತುಂಬಿಕೊಂಡೇ ನಿಲ್ಲುತ್ತದೆ. ನಸುಕಿನಲ್ಲಿ ತುಂಬಿಸಿದರೆ ತಣ್ಣಗಾದ ಬ್ಯಾಟರಿಗೆ ಕರೆಂಟು ಹೋಗುತ್ತದೆ, ತುಂಬಿದ ಸ್ವಲ್ಪ ಹೊತ್ತಿಗೆ ಕಾರು ಹೊರಡುತ್ತದೆ.

ನಿಕಲ್ ಇರುವ ಬ್ಯಾಟರಿಗೆ ದಿನಬಳಕೆಯಲ್ಲಿ 80 ಪ್ರತಿಶತದ ಮಿತಿ ಹಾಕಿ, ದೂರ ಪ್ರಯಾಣದ ಹಿಂದಿನ ರಾತ್ರಿ ಮಾತ್ರ ನೂರಕ್ಕೆ ಏರಿಸುವುದು ಒಳ್ಳೆಯದು. ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಕಾಣುವ ಟಾಟಾ ನೆಕ್ಸಾನ್, ಟಿಯಾಗೋದಂಥ ವಿದ್ಯುತ್ ಕಾರುಗಳಲ್ಲಿರುವುದು ಕಬ್ಬಿಣ ಮತ್ತು ಫಾಸ್ಫೇಟಿನ ಎಲ್‌ಎಫ್‌ಪಿ ಬ್ಯಾಟರಿ. ಅದರ ವೋಲ್ಟೇಜು ಕಾಲು ಭಾಗ ತುಂಬಿದ್ದಾಗಲೂ ಮುಕ್ಕಾಲು ತುಂಬಿದ್ದಾಗಲೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಎಷ್ಟು ಉಳಿದಿದೆ ಎಂಬ ಕಾರಿನ ಅಂದಾಜು ಮೆಲ್ಲಗೆ ತಪ್ಪತೊಡಗುತ್ತದೆ. ಆಗಾಗ ನೂರರವರೆಗೆ ತುಂಬಿಸಿದರೆ ವೋಲ್ಟೇಜು ಕಡಿದಾಗಿ ಏರುವ ಆ ತುದಿ ಸಿಕ್ಕಿ ಲೆಕ್ಕ ಸರಿಹೋಗುತ್ತದೆ. ಎಷ್ಟು ದಿನಕ್ಕೊಮ್ಮೆ ಎನ್ನುವುದಕ್ಕೆ ಕಾರಿನ ಕೈಪಿಡಿಯನ್ನೇ ನಂಬಿ.

ಲಿಂಗನಮಕ್ಕಿಯ ನೀರಿಗೂ ಕಾರಿಗೂ ನಂಟು

ಕರೆಂಟು ಬೇಕಾದ ಕ್ಷಣದಲ್ಲೇ ತಯಾರಾಗಬೇಕು. ಕರ್ನಾಟಕದಲ್ಲಿ ಹಗಲು ಹೊತ್ತು ಸೂರ್ಯನದು. ಪಾವಗಡದ ಸೋಲಾರ್ ಪಾರ್ಕ್ ಒಂದರ ಸಾಮರ್ಥ್ಯವೇ 2,050 ಮೆಗಾವ್ಯಾಟ್. ಸೂರ್ಯ ಮುಳುಗುತ್ತಿದ್ದಂತೆ ಅದೆಲ್ಲ ಸೊನ್ನೆಯಾಗುತ್ತದೆ. ಆದರೆ ಅದೇ ಹೊತ್ತಿಗೆ ದೀಪ, ಟಿವಿ, ಫ್ಯಾನು, ಮಿಕ್ಸಿ ಎಲ್ಲವೂ ಶುರುವಾಗುತ್ತವೆ. ಏರುವ ಬೇಡಿಕೆಗೆ ನಿಮಿಷಗಳಲ್ಲಿ ಓಗೊಡಬಲ್ಲದ್ದು ಜಲವಿದ್ಯುತ್. ಲಿಂಗನಮಕ್ಕಿಯ ನೀರಿನಿಂದ ತಿರುಗುವ 1,035 ಮೆಗಾವ್ಯಾಟಿನ ಶರಾವತಿ ಸ್ಥಾವರ ಇಂಥ ಹೊತ್ತಿಗೇ ಬೇಕು. ರಾಯಚೂರಿನಂಥ ಕಲ್ಲಿದ್ದಲ ಸ್ಥಾವರಗಳು ಏರಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತವೆ. ಸಂಜೆ ಆರರಿಂದ ಹತ್ತರ ನಡುವೆ ಚಾರ್ಜಿಗೆ ಹಾಕಿದ ಪ್ರತಿ ಕಾರೂ ಈ ಇಕ್ಕಟ್ಟನ್ನು ಬಿಗಿಮಾಡುತ್ತದೆ. ಮಧ್ಯಾಹ್ನ ಚಾರ್ಜಾದ ಕಾರು ಸಂಜೆಗಾಗಿ ನೀರು ಉಳಿಸಿಕೊಡುತ್ತದೆ.

ದರವೂ ಈ ದಿಕ್ಕಿಗೆ ತಿರುಗುತ್ತಿದೆ. ಕೇಂದ್ರದ 2023ರ ನಿಯಮಗಳು ದಿನದ ಎಂಟು ಗಂಟೆಯನ್ನು ಸೌರ ಅವಧಿ ಎಂದು ಗುರುತಿಸಿ ಅಲ್ಲಿ ದರ ಇಳಿಸಲು, ಹೆಚ್ಚು ಬೇಡಿಕೆಯ ಹೊತ್ತಿನಲ್ಲಿ ದರ ಏರಿಸಲು ಹೇಳಿವೆ. ಸ್ಮಾರ್ಟ್ ಮೀಟರ್ ಬಂದ ಮನೆಗಳಿಗೂ ಈ ವ್ಯವಸ್ಥೆ ಅನ್ವಯವಾಗಬೇಕೆಂಬುದು ನಿಯಮ. ಮನೆಯ ಮೇಲೆ ಸೋಲಾರ್ ಹಾಕಿಸಿದವರಿಗಂತೂ ಹಗಲೇ ಸುಗ್ಗಿ. ಒಂದು ಕಿಲೋವ್ಯಾಟ್ ಫಲಕ ನಮ್ಮ ಬಿಸಿಲಿಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಎರಡು ಕಿಲೋವ್ಯಾಟ್ ಇದ್ದರೆ 40 ಕಿಲೋಮೀಟರಿನ ಓಡಾಟ ಬಿಸಿಲಿನಲ್ಲೇ ಮುಗಿಯಿತು. ಹಗಲು ಮನೆಯಲ್ಲಿ ನಿಲ್ಲುವ ಕಾರಿಗೆ ಮಧ್ಯಾಹ್ನ ಮೊದಲ ಆಯ್ಕೆ. ಕಚೇರಿಗೆ ಹೋಗುವ ಕಾರಿಗೆ ನಡುರಾತ್ರಿಯ ನಂತರದ ಹೊತ್ತು.

ಹಿಂದಕ್ಕೆ ಎಣಿಸಿ

ಆದರೆ ಎಲ್ಲರೂ ರಾತ್ರಿ ಹನ್ನೊಂದಕ್ಕೇ ಹಾಕಿದರೆ? 100 ಕೆವಿಎ ಟ್ರಾನ್ಸ್‌ಫಾರ್ಮರಿನ ಕೆಳಗಿನ ಬೀದಿಯಲ್ಲಿ 7.2 ಕಿಲೋವ್ಯಾಟಿನ ಹದಿನೈದು ಕಾರುಗಳು ಒಟ್ಟಿಗೇ ‘ಟಕ್’ ಎಂದರೆ ಮನೆಗಳ ಲೋಡ್ ಬಿಟ್ಟೇ 108 ಕಿಲೋವ್ಯಾಟ್ ಆಗುತ್ತದೆ. ರಾತ್ರಿ ತಣ್ಣಗಾಗಬೇಕಿದ್ದ ಟ್ರಾನ್ಸ್‌ಫಾರ್ಮರಿನ ಎಣ್ಣೆ ಕಾಯುತ್ತದೆ. ಬ್ರಿಟನ್ ಈ ಅಪಾಯವನ್ನು ಮುಂಚೆಯೇ ಊಹಿಸಿತು. ಅಲ್ಲಿ 2022ರ ಜೂನ್ 30ರಿಂದ ಮಾರಾಟವಾಗುವ ಮನೆಯ ಚಾರ್ಜರುಗಳು ಸಂಜೆಯ ಹೊತ್ತನ್ನು ತಪ್ಪಿಸುವಂತೆ ಹೊಂದಿಸಿಕೊಂಡೇ ಬರಬೇಕು. ಹೇಳಿದ ಹೊತ್ತಿಗೆ ಶುರುವಾಗುವಾಗಲೂ ಪ್ರತಿಯೊಂದೂ ಹತ್ತು ನಿಮಿಷದವರೆಗೆ ಮನಸ್ಸಿಗೆ ಬಂದಷ್ಟು ತಡಮಾಡಿ ಶುರುವಾಗಬೇಕು.

ಇದಕ್ಕಿಂತ ಸರಳ ದಾರಿ ಒಂದಿದೆ. ಮದುವೆಮನೆಯ ಅಡುಗೆಭಟ್ಟರು ಮೊದಲು ಕೇಳುವುದು ಊಟದ ಹೊತ್ತನ್ನು. ಒಲೆ ಹಚ್ಚುವ ಹೊತ್ತು ಆ ಲೆಕ್ಕದಿಂದ ತಾನಾಗಿ ಸಿಗುತ್ತದೆ. ಕಾರಿಗೂ ಶುರುವಿನ ಹೊತ್ತು ಹೇಳುವ ಬದಲು ಹೊರಡುವ ಹೊತ್ತು ಹೇಳಿ, ಅಲ್ಲಿಂದ ಹಿಂದಕ್ಕೆ ಎಣಿಸಬೇಕು. ಎಂಟಕ್ಕೆ ಹೊರಡಬೇಕು, ಐದೂವರೆಗೆ ಮನೆಯಲ್ಲಿ ಗೀಸರ್ ಹಾಕುತ್ತಾರೆ, ಅಷ್ಟರೊಳಗೆ ಮುಗಿಯಲಿ. ಎರಡೂಕಾಲು ಗಂಟೆಯ ಕೆಲಸ, ಆದ್ದರಿಂದ ಮೂರೂಕಾಲಕ್ಕೆ ಶುರು. ನಡುವೆ ಕರೆಂಟು ಹೋದರೆ ಸರಿದೂಗಿಸಲು ಎಂಟರವರೆಗೆ ಸಮಯವಿದೆ. ಕರೆಂಟು ಪದೇ ಪದೇ ಹೋಗುವ ಊರಾದರೆ ಆಸ್ಪತ್ರೆಗೆ, ಬಸ್ ಸ್ಟ್ಯಾಂಡಿಗೆ ಹೋಗಿಬರುವಷ್ಟನ್ನು ಮನೆಗೆ ಬಂದ ಕೂಡಲೇ ತುಂಬಿಸಿಟ್ಟು, ಉಳಿದದ್ದಕ್ಕೆ ಮಾತ್ರ ಈ ಲೆಕ್ಕ ಹಾಕಿ. ಮನೆಯ ಯುಪಿಎಸ್‌ಗೆ ಕಾರನ್ನು ಸಿಕ್ಕಿಸುವ ಯೋಚನೆ ಬೇಡ. 12 ವೋಲ್ಟಿನ 150 ಆಂಪ್-ಗಂಟೆಯ ಬ್ಯಾಟರಿಯಲ್ಲಿರುವುದು ಎರಡು ಯೂನಿಟ್‌ಗಿಂತ ಕಡಿಮೆ, ಕಾರಿನ ಎಳೆತವನ್ನು ಅದು ತಾಳುವುದೂ ಇಲ್ಲ.

ಹೀಗೆ ಎಣಿಸಿದಾಗ ಸಂಜೆಯ ಇಕ್ಕಟ್ಟು ತಪ್ಪುತ್ತದೆ, ಬ್ಯಾಟರಿ ತಣ್ಣಗಾಗಿರುತ್ತದೆ, ತುಂಬಿಕೊಂಡು ಕಾಯುವುದೂ ಇರುವುದಿಲ್ಲ. ಒಬ್ಬರು ಆರಕ್ಕೆ ಹೊರಡುತ್ತಾರೆ, ಇನ್ನೊಬ್ಬರು ಒಂಬತ್ತಕ್ಕೆ. ಒಬ್ಬರಿಗೆ ಮೂರು ಯೂನಿಟ್ ಸಾಕು, ಇನ್ನೊಬ್ಬರಿಗೆ ಹದಿನೈದು ಬೇಕು. ಹಾಗಾಗಿ ಬೀದಿಯ ಕಾರುಗಳು ಬೇರೆಬೇರೆ ಹೊತ್ತಿಗೆ ಶುರುವಾಗುತ್ತವೆ, ಟ್ರಾನ್ಸ್‌ಫಾರ್ಮರಿಗೂ ಉಸಿರಾಡಲು ಅವಕಾಶ ಸಿಗುತ್ತದೆ.

ಅಪಾರ್ಟ್‌ಮೆಂಟುಗಳಿಗೆ ಇದು ಇನ್ನೂ ಹೆಚ್ಚು ಮುಖ್ಯ. ಪಾರ್ಕಿಂಗಿನಲ್ಲಿ ಹತ್ತು ಪೆಟ್ಟಿಗೆ ಹಾಕಲು ಲೋಡ್ ಸಾಲದು ಎಂದು ಅಲ್ಲಿ ಅರ್ಜಿಗಳು ತಿರಸ್ಕೃತವಾಗುವುದುಂಟು. ಹತ್ತೂ ಒಟ್ಟಿಗೆ ಓಡುವುದಾದರೆ ಲೋಡ್ ಸಾಲದು, ನಿಜ. ಆದರೆ ಎರಡು ಮೂರು ಗಂಟೆಯ ಕೆಲಸ ಮಾತ್ರ ಇರುವ ಹತ್ತು ಕಾರುಗಳನ್ನು ರಾತ್ರಿಯ ಉದ್ದಕ್ಕೂ ಸರದಿಯಲ್ಲಿ ಹಂಚಿದರೆ ಮೂರು ನಾಲ್ಕು ಕಾರಿನ ಲೋಡಿನಲ್ಲೇ ಎಲ್ಲರಿಗೂ ಸಾಕಾಗುತ್ತದೆ. ಸಂಘದ ಮುಂದಿನ ಸಭೆಗೆ ಹೋಗುವಾಗ ಈ ಲೆಕ್ಕ ಬರೆದುಕೊಂಡು ಹೋಗಿ: ಯಾರಿಗೆ ಎಷ್ಟು ಯೂನಿಟ್ ಬೇಕು, ಯಾರು ಎಷ್ಟು ಹೊತ್ತಿಗೆ ಹೊರಡುತ್ತಾರೆ. ಹೊಸ ಟ್ರಾನ್ಸ್‌ಫಾರ್ಮರಿಗೆ ಹಣ ಕೂಡಿಸುವ ಮೊದಲು ಆ ಎರಡು ಕಾಲಮ್ಮುಗಳನ್ನು ಎಲ್ಲರೂ ಕೂತು ನೋಡಲಿ.