ಕಿಲ್ಲಾರಿಯ ನಸುಕು, ನಮ್ಮ ಮಾಳಿಗೆಯ ಮಣ್ಣು

1993ನೆಯ ಇಸವಿ ಸಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷ. ಹಸ್ತ ಮಳೆಯ ದಿನಗಳು. ಹಿಂದಿನ ರಾತ್ರಿಯಷ್ಟೇ ಅನಂತ ಚತುರ್ದಶಿಯ ಗಣಪತಿಯನ್ನು ಕಳುಹಿಸಿ ಬಂದು ಊರುಗಳೆಲ್ಲ ದಣಿದು ಮಲಗಿದ್ದವು. ಹುಮನಾಬಾದ್ ತಾಲ್ಲೂಕಿನ ನಮ್ಮ ಹಳ್ಳಿಯ ಮನೆಯಲ್ಲಿ ಮೊದಲು ಕೇಳಿದ್ದು ದೂರದಲ್ಲಿ ಭಾರದ ಲಾರಿಯೊಂದು ಏರು ಹತ್ತುತ್ತಿರುವಂತಹ ಸದ್ದು. ಅದೇನೆಂದು ಯೋಚಿಸುವಷ್ಟರಲ್ಲಿ ಅಡುಗೆಮನೆಯ ಅಡ್ಡಹಲಗೆಯ ಮೇಲಿನ ತಾಮ್ರದ ಕೊಡಗಳು ಒಂದಕ್ಕೊಂದು ತಾಗಿ ಉರುಳಿದವು. ಮಾಳಿಗೆಯಿಂದ ಸಣ್ಣಗೆ ಮಣ್ಣು ಉದುರಿತು. “ಭೂಮಿ ನಡಗಲಿಕತ್ತದ, ಎಲ್ಲಾರೂ ಹೊರಗ ಬರ್ರಿ” ಎಂದು ಮುತ್ಯಾ ಕೂಗಿದ್ದು ಇಂದಿಗೂ ಕಿವಿಯಲ್ಲಿದೆ.

ನಾವು ಬದುಕಿಕೊಂಡೆವು. ಅದೇ ಕ್ಷಣದಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿ, ಅಂದಿನ ಉಸ್ಮಾನಾಬಾದ್, ಇಂದಿನ ಧಾರಾಶಿವ ಜಿಲ್ಲೆಯ ಸಾಸ್ತೂರು ಮೊದಲಾದ 52 ಗ್ರಾಮಗಳು ನೆಲಸಮವಾದವು. ಸತ್ತವರನ್ನು ಒಂದು ಲೆಕ್ಕ 8,000ದ ಆಸುಪಾಸು ಎನ್ನುತ್ತದೆ, ಇನ್ನೊಂದು 10,000ದ ಆಸುಪಾಸು ಎನ್ನುತ್ತದೆ. ನಡುವೆ ರಾಜ್ಯದ ಗಡಿ ಇರುವುದರಿಂದ ಕಿಲ್ಲಾರಿ ಎಲ್ಲೋ ದೂರದ್ದೆಂದು ಇಂದಿನ ಮಕ್ಕಳಿಗೆ ತೋರಬಹುದು. ಆದರೆ ಬಸವಕಲ್ಯಾಣದಿಂದ ಅದು ನೇರ ಗೆರೆಯಲ್ಲಿ ಐವತ್ತು ಕಿಲೋಮೀಟರಿನ ಸುಮಾರು; ಹುಮನಾಬಾದಿಗೆ ಇನ್ನಿಪ್ಪತ್ತು ಕಿಲೋಮೀಟರು ಹೆಚ್ಚು. ಸಸ್ತಾಪುರ ಬಂಗ್ಲಾದಲ್ಲಿ ಸೊಲ್ಲಾಪುರದ ಕಡೆಗೆ ಹೋಗುವ ಬಸ್ಸು ಹತ್ತಿದರೆ ಉಮರ್ಗಾ, ಅಲ್ಲಿಂದ ಸ್ವಲ್ಪ ಉತ್ತರಕ್ಕೆ ತಿರುಗಿದರೆ ಕಿಲ್ಲಾರಿಯ ಸೀಮೆ. ನಮ್ಮ ಎಷ್ಟೋ ಮನೆತನಗಳು ಹೆಣ್ಣು ಕೊಟ್ಟು ಹೆಣ್ಣು ತಂದ ಸೀಮೆಯದು. ಆ ವರ್ಷ ದೀಪಾವಳಿಗೆ ತವರಿಗೆ ಬರಬೇಕಾಗಿದ್ದ ಹೆಣ್ಣುಮಕ್ಕಳಲ್ಲಿ ಕೆಲವರು ಬರಲಿಲ್ಲ.

ಭೂಕಂಪವಾದ ಮೇಲೆ ಎಲ್ಲರ ಬಾಯಲ್ಲೂ ಇದ್ದದ್ದು ಒಂದೇ ಪ್ರಶ್ನೆ. ಹಿಮಾಲಯದ ಬುಡದಲ್ಲಿ ಭೂಮಿ ನಡುಗುವುದು ಸರಿ, ಈ ಗಟ್ಟಿ ಕರಿಕಲ್ಲಿನ ದಖ್ಖನ್ನಿನಲ್ಲಿ ಏಕೆ? ವಿಜ್ಞಾನಿಗಳಿಗೂ ಇದು ಸುಲಭದ ಪ್ರಶ್ನೆಯಾಗಿರಲಿಲ್ಲ. ಅಂದಿನ ಭೂಕಂಪ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಎಲ್ಲಕ್ಕಿಂತ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿ. 1967ರ ಡಿಸೆಂಬರಿನಲ್ಲಿ ಕೊಯ್ನಾ ನಡುಗಿದಾಗ ಅಲ್ಲಿನ ದೊಡ್ಡ ಜಲಾಶಯದ ನೀರಿನ ಕಡೆಗೆ ಬೆರಳು ತೋರಿಸಲು ಸಾಧ್ಯವಾಗಿತ್ತು. ಕಿಲ್ಲಾರಿಯ ಬಳಿ ಅಂತಹ ದೊಡ್ಡ ಜಲಾಶಯವಿರಲಿಲ್ಲ. 2002ರಲ್ಲಿ ನಕ್ಷೆಯನ್ನು ಪರಿಷ್ಕರಿಸಿದಾಗ ಆ ಒಂದನೆಯ ವಲಯವನ್ನೇ ತೆಗೆದುಹಾಕಲಾಯಿತು. ದೇಶದಲ್ಲಿ ಭೂಕಂಪದ ಭಯವೇ ಇಲ್ಲದ ನೆಲ ಯಾವುದೂ ಇಲ್ಲವೆಂದು ಅಧಿಕೃತವಾಗಿಯೇ ಒಪ್ಪಿಕೊಂಡಂತಾಯಿತು.

ನಮ್ಮ ಕಾಲಕೆಳಗಿನ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿ ಬಿರಿದು ಹರಿದ ಲಾವಾರಸ ಪದರ ಪದರವಾಗಿ ಹೆಪ್ಪುಗಟ್ಟಿದ್ದು. (ಬೀದರದ ಕೋಟೆ ನಿಂತಿರುವ ಕೆಂಪು ಜಂಬಿಟ್ಟಿಗೆ ಕಲ್ಲು ಕೂಡ ಇದೇ ಕರಿಕಲ್ಲು ಮಳೆ ಬಿಸಿಲಿಗೆ ಸವೆದು ಮಾರ್ಪಟ್ಟದ್ದೆಂಬುದು ಅನೇಕರಿಗೆ ತಿಳಿದಿರಲಿಕ್ಕಿಲ್ಲ.) ಭೂಕಂಪದ ನಂತರ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಕಿಲ್ಲಾರಿಯಲ್ಲಿ ಕೊಳವೆ ಕೊರೆದು ನೋಡಿದಾಗ ಈ ಪದರಗಳ ಒಟ್ಟು ದಪ್ಪ ಸುಮಾರು 340 ಮೀಟರ್ ಇತ್ತು. ಅಷ್ಟೇ. ಅದರ ಅಡಿಯಲ್ಲಿ ಇರುವುದು ಕೋಟ್ಯಂತರ ವರ್ಷ ಹಳೆಯ ತಳಬಂಡೆ. ಹಳೆಯ ಮನೆಯ ಬಿರುಕುಬಿಟ್ಟ ನೆಲದ ಮೇಲೆ ಹೊಸ ಗಾರೆ ಬಳಿದರೆ ಮೇಲೆ ನಯವಾಗಿ ಕಾಣುತ್ತದೆ, ಕೆಳಗಿನ ಬಿರುಕು ಹಾಗೆಯೇ ಇರುತ್ತದೆ. ದಖ್ಖನ್ನಿನ ಸ್ಥಿತಿಯೂ ಹಾಗೆಯೇ. ಭಾರತದ ಭೂಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಉತ್ತರಕ್ಕೆ ಸರಿಯುತ್ತ ಏಷ್ಯಾ ಖಂಡವನ್ನು ಒತ್ತುತ್ತಿದೆ. ಆ ಒತ್ತಡ ಹಿಮಾಲಯದಲ್ಲಿಯೇ ಮುಗಿಯದೆ ಫಲಕದ ಒಳಮೈಗೂ ಹಬ್ಬುತ್ತದೆ. ಒಳಗಿನ ಹಳೆಯ ಬಿರುಕುಗಳು ಸಾವಿರಾರು ವರ್ಷ ಅದನ್ನು ತಾಳಿಕೊಂಡು, ಒಂದು ದಿನ ಜಾರುತ್ತವೆ. ಕಿಲ್ಲಾರಿಯ ಸೀಮೆಯಲ್ಲಿ 1992ರಿಂದಲೇ ಸಣ್ಣ ಸಣ್ಣ ಕಂಪನಗಳು ಆಗುತ್ತಿದ್ದವು. ಆದರೆ ಸಣ್ಣ ಕಂಪನಗಳೆಲ್ಲ ದೊಡ್ಡದರ ಮುನ್ಸೂಚನೆಯಲ್ಲ. ದಿನ, ಗಳಿಗೆ ಹೇಳುವ ವಿದ್ಯೆ ಇಂದಿಗೂ ಯಾವ ದೇಶದಲ್ಲಿಯೂ ಇಲ್ಲ. ಹೇಳುತ್ತೇನೆಂದು ಬರುವವರನ್ನು ನಂಬತಕ್ಕದ್ದಲ್ಲ.

ಇನ್ನು ನಾವು ಕೇಳಿದ ಆ ಲಾರಿಯ ಸದ್ದಿನ ಮಾತು. ಬಂಡೆ ಜಾರಿದಾಗ ಎರಡು ಬಗೆಯ ಅಲೆಗಳು ಹೊರಡುತ್ತವೆ. ಮೊದಲನೆಯದು ತಳ್ಳುವ ಅಲೆ, ಸೆಕೆಂಡಿಗೆ ಸುಮಾರು 6 ಕಿಲೋಮೀಟರು ಓಡುತ್ತದೆ. ಗುಡುಗುಡು ಸದ್ದು ಇದರದು. ಎರಡನೆಯದು ಅಡ್ಡಲಾಗಿ ಅಲುಗಿಸುವ ಅಲೆ, ಅದರ ವೇಗ ಮೂರೂವರೆ ಕಿಲೋಮೀಟರಿನಷ್ಟು. ಗೋಡೆ ಕೆಡಹುವುದು ಹೆಚ್ಚಾಗಿ ಇದೇ. ಬಸವಕಲ್ಯಾಣದಷ್ಟು ದೂರದಲ್ಲಿ ಎರಡರ ನಡುವೆ ಆರು ಸೆಕೆಂಡಿನ ಅಂತರ ಸಿಗುತ್ತದೆ. ಕಿಲ್ಲಾರಿಯವರಿಗೆ ಅದೂ ಸಿಗಲಿಲ್ಲ. ಜಾರಿದ ಬಂಡೆ ಅವರ ಮನೆಗಳ ಅಡಿಯಲ್ಲಿಯೇ, ಕೆಲವೇ ಕಿಲೋಮೀಟರ್ ಆಳದಲ್ಲಿ ಇತ್ತು. ಆಳ ಕಡಿಮೆಯಾದ್ದರಿಂದ ಪೆಟ್ಟು ಚಿಕ್ಕ ಸೀಮೆಯ ಮೇಲೆಯೇ ಒಟ್ಟಾಗಿ ಬಿದ್ದಿತು. ದೂರ ಹೋದಂತೆ ಬೇಗನೆ ಇಳಿಯಿತು. ನಾವು ಉಳಿದದ್ದು ಇದರಿಂದ.

ಈ ಎಣಿಕೆಯ ವಿದ್ಯೆ ರೈತರಿಗೆ ಹೊಸದಲ್ಲ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರು ದೂರದಲ್ಲಿದೆ ಎಂದು ತಿಳಿಯುತ್ತದೆ. ಎಣಿಕೆ ಮೂವತ್ತರೊಳಗೆ ಬಂದರೆ ಹೊಲದಲ್ಲಿ ನಿಲ್ಲಬಾರದು. ನಮ್ಮ ಭಾಗದಲ್ಲಿ ಭೂಕಂಪ ತಲೆಮಾರಿಗೊಮ್ಮೆ ಬಂದರೆ ಸಿಡಿಲು ಪ್ರತಿ ವರ್ಷವೂ ಬೇಸಿಗೆಯ ಅಕಾಲ ಮಳೆಯಲ್ಲಿ, ಮತ್ತೆ ಮಳೆಗಾಲದ ಕೊನೆಯಲ್ಲಿ ಬಂದೇ ಬರುತ್ತದೆ. ಎತ್ತರದ ಮೋಡದೊಳಗೆ ಮಂಜಿನ ಹರಳುಗಳೂ ಆಲಿಕಲ್ಲಿನ ಕಾಳುಗಳೂ ತಿಕ್ಕಾಡಿ ವಿದ್ಯುತ್ತು ಶೇಖರವಾಗಿ ಅದು ನೆಲಕ್ಕೆ ಹಾಯುತ್ತದೆ. ಒಂಟಿ ಬೇವಿನ ಗಿಡದಡಿ ನಿಂತ ಎತ್ತು ಸಾಯಲು ಸಿಡಿಲು ಎತ್ತಿನ ಮೇಲೆಯೇ ಬೀಳಬೇಕೆಂದಿಲ್ಲ. ಗಿಡದ ಬುಡದಿಂದ ನೆಲದಲ್ಲಿ ಹರಡುವ ವಿದ್ಯುತ್ತು ಅದರ ಮುಂಗಾಲಿನಿಂದ ಏರಿ ಹಿಂಗಾಲಿನಿಂದ ಇಳಿಯುತ್ತದೆ. ಕಾಲುಗಳ ನಡುವಿನ ಅಂತರ ಹೆಚ್ಚಿದಷ್ಟೂ ಪೆಟ್ಟು ಹೆಚ್ಚು. ಸಿಡಿಲು ಬಡಿದವರನ್ನು ಮುಟ್ಟಿದರೆ ನಮಗೂ ತಗಲುತ್ತದೆಂಬ ಅಂಜಿಕೆ ಹಳ್ಳಿಗಳಲ್ಲಿದೆ. ಅದು ತಪ್ಪು. ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಉಸಿರು ನಿಂತಿದ್ದರೆ ಕೂಡಲೇ ಎದೆ ಒತ್ತಿ ಉಸಿರು ಕೊಡಬೇಕು; ಹಾಗೆ ಬದುಕಿದವರಿದ್ದಾರೆ.

ಮತ್ತೆ ಕಿಲ್ಲಾರಿಗೆ ಬರೋಣ. ಅಷ್ಟು ಜನ ಸತ್ತದ್ದು ನೆಲ ನಡುಗಿದ್ದಕ್ಕಿಂತ ಹೆಚ್ಚಾಗಿ ಮನೆ ಬಿದ್ದುದರಿಂದ. ಆ ಮನೆಗಳು ನಮ್ಮ ಮನೆಗಳಂತೆಯೇ ಇದ್ದವು ಎಂಬುದನ್ನು ಮರೆಯಬಾರದು. ಎರಡು ಮೂರು ಅಡಿ ದಪ್ಪದ, ಕೆಲವೆಡೆ ಇನ್ನೂ ದಪ್ಪದ ಕಲ್ಲುಗೋಡೆ. ಒಳಮೈ ಬೇರೆ, ಹೊರಮೈ ಬೇರೆ, ನಡುವೆ ಸಣ್ಣ ಕಲ್ಲು ಮಣ್ಣು ತುಂಬಿದ್ದು. ಎರಡೂ ಮೈಗಳನ್ನು ಹಿಡಿದಿಡುವ ಅಡ್ಡಗಲ್ಲು ಇಲ್ಲ. ಮೇಲೆ ಜಂತಿ, ಜಂತಿಯ ಮೇಲೆ ಮಣ್ಣು. ಪ್ರತಿ ವರ್ಷ ಮೃಗಶಿರಾ ಮಳೆಗೆ ಮುನ್ನ ಸೋರದಿರಲೆಂದು ಸವುಳು ಮಣ್ಣನ್ನು ಬೆರಳು ದಪ್ಪ ಹರಡುವುದು ರೂಢಿ. ಮೂವತ್ತು ವರ್ಷದಲ್ಲಿ ಅದು ಒಂದೂವರೆ ಅಡಿಯಾಗುತ್ತದೆ. ಹದಿನೈದು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆಯ ಮೇಲೆ ಅದು 225 ಘನ ಅಡಿ. ಘನ ಅಡಿಗೆ ಕಡಿಮೆಯೆಂದರೂ 45 ಕಿಲೋ ಹಿಡಿದರೆ 10 ಟನ್ನಿಗೆ ಮಿಕ್ಕುತ್ತದೆ. ಭೂಕಂಪದ ಬಲ ಮನೆಯ ತೂಕಕ್ಕೆ ತಕ್ಕಂತೆ ಏರುತ್ತದೆ. ಭಾರದ ಮನೆಗೆ ಭಾರದ ಪೆಟ್ಟು. ಗುಡಿಸಲುಗಳಲ್ಲಿ ಮಲಗಿದ್ದ ಬಡವರಲ್ಲಿ ಹೆಚ್ಚಿನವರು ಉಳಿದದ್ದಕ್ಕೆ ಕಾರಣ ಇದೇ.

ಇನ್ನೊಂದು ಸಂಗತಿಯನ್ನು ಪರಿಶೀಲನೆಗೆ ಹೋದ ಎಂಜಿನಿಯರುಗಳು ಬರೆದಿಟ್ಟಿದ್ದಾರೆ. ಮಾಳಿಗೆಯ ಭಾರವನ್ನು ಗೋಡೆಯ ಮೇಲೆ ಬಿಡದೆ ಮರದ ಕಂಬ, ತೊಲೆಗಳ ಮೇಲೆ ಹೊರಿಸಿದ್ದ ಮನೆಗಳಲ್ಲಿ ಕೆಲವೆಡೆ ಗೋಡೆಗಳು ಹೊರಕ್ಕೆ ಬಿದ್ದರೂ ಮಾಳಿಗೆ ಕಂಬಗಳ ಮೇಲೆ ಹಾಗೆಯೇ ನಿಂತಿತ್ತು. ನಮ್ಮ ಅಪ್ಪ ಊರವರೊಡನೆ ರೊಟ್ಟಿ, ಹೊದಿಕೆಗಳನ್ನು ಲಾರಿಯಲ್ಲಿ ತುಂಬಿಕೊಂಡು ಆ ಕಡೆಗೆ ಹೋದವರು ಇದನ್ನು ಕಣ್ಣಾರೆ ಕಂಡು ಬಂದರು. ಬಂದವರು ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ. ಮೂರನೆಯ ದಿನ ಮಾಳಿಗೆಯ ಮೇಲೆ ಹತ್ತಿ ಸಲಿಕೆಯಿಂದ ಅಗೆದು ಮಣ್ಣಿನ ದಪ್ಪ ನೋಡಿದರು.

ಮುತ್ಯಾ ಒಪ್ಪಲಿಲ್ಲ. “ಈ ಮಣ್ಣು ನಮ್ಮಪ್ಪ ಹಾಕಿದ್ದು, ನಾ ಹಾಕಿದ್ದು. ಬ್ಯಾಸಗ್ಯಾಗ ತಂಪ ಕೊಡ್ತದ. ತೆಗೆದು ಎಲ್ಲಿ ಹೋಗಾವರು?” ಎಂದರು. ಅವರ ಮಾತು ಸುಳ್ಳೇನೂ ಆಗಿರಲಿಲ್ಲ. ದಪ್ಪ ಮಣ್ಣಿನಷ್ಟು ತಂಪು ತಗಡಿಗೂ ಇಲ್ಲ, ಸಿಮೆಂಟಿಗೂ ಇಲ್ಲ. ಕಡೆಗೆ ಒಂದು ಒಪ್ಪಂದವಾಯಿತು. ಮಣ್ಣನ್ನು ಪೂರ್ತಿ ತೆಗೆಯದೆ ಒಂದು ಗೇಣಿಗೆ ಇಳಿಸುವುದು, ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸುವುದು, ಕಂಬಕ್ಕೂ ತೊಲೆಗೂ ಓರೆಯಾಗಿ ಮರದ ತುಂಡುಗಳನ್ನು ಬಿಗಿಯುವುದು. ಹಿತ್ತಲ ಗೋಡೆಯನ್ನು ಬಿಚ್ಚಿ ಕಟ್ಟುವಾಗ ಎರಡೂ ಮೈ ಹಾಯುವ ಉದ್ದ ಕಲ್ಲುಗಳನ್ನು ಇಡಿಸಿದರು. ಹೊಸ ಮನೆ ಕಟ್ಟುವವರು ಬಾಗಿಲ ಮೇಲ್ಗಡೆ ಮನೆಯ ಸುತ್ತ ಕಬ್ಬಿಣ-ಕಾಂಕ್ರೀಟಿನ ಒಂದು ಪಟ್ಟಿಯನ್ನು ಕಡ್ಡಾಯವಾಗಿ ಹಾಕಿಸಬೇಕು. ತಗಲುವ ಹಣ ಒಂದು ಮದುವೆಯ ಮಂಟಪಕ್ಕೆ ನಾವು ಸುರಿಯುವ ಹಣಕ್ಕಿಂತ ಎಷ್ಟೋ ಕಡಿಮೆ.

2021ರ ಅಕ್ಟೋಬರಿನಲ್ಲಿ ಹುಮನಾಬಾದಿನ ನೆರೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ದಿನಗಟ್ಟಲೆ ನೆಲ ನಡುಗಿ, 11ರಂದು 4.1ರ ಪ್ರಮಾಣದ ಕಂಪನವಾಯಿತು. ಮಳೆಯ ನೀರು ಒಳಗಿನ ಸುಣ್ಣಕಲ್ಲಿನ ಸಂದುಗಳಿಗೆ ಇಳಿದು ಹೀಗಾಗುತ್ತಿದೆ ಎಂದು ತಜ್ಞರು ವಿವರಿಸಿದರು. ಕಿಲ್ಲಾರಿಯ 6.2ಕ್ಕೆ ಹೋಲಿಸಿದರೆ ಅದರ ಶಕ್ತಿ ಸಾವಿರದಲ್ಲಿ ಒಂದು ಪಾಲೂ ಇಲ್ಲ. ಒಂದು ಅಂಕ ಏರಿದರೆ ಶಕ್ತಿ ಸುಮಾರು ಮೂವತ್ತೆರಡು ಪಟ್ಟು ಏರುತ್ತದೆ. ಆದರೂ ಜನ ಊರ ಹೊರಗೆ ಮಲಗಿದರು. ಕಿಲ್ಲಾರಿಯನ್ನು ಕಂಡ ಸೀಮೆಯವರು ಹಾಗೆ ಮಲಗಿದ್ದನ್ನು ನಾನು ಅಂಜುಬುರುಕುತನ ಎನ್ನಲಾರೆ.

ನಮ್ಮ ಮಾಳಿಗೆಯಿಂದ ಇಳಿದ ಮಣ್ಣಿನ ಬಂಡಿಗಳನ್ನು ಎಣಿಸುವ ಕೆಲಸ ನನ್ನದಾಗಿತ್ತು. ಮೂವತ್ತೊಂದು ಬಂಡಿ. ಅಷ್ಟರ ಕೆಳಗೆ ನಾವು ಹನ್ನೊಂದು ಜನ ಮಲಗುತ್ತಿದ್ದೆವು. ಮುತ್ಯಾ ಅದರ ನಂತರದ ಬೇಸಿಗೆಗಳನ್ನೆಲ್ಲ ಅಂಗಳದ ಹೊರಸಿನ ಮೇಲೆಯೇ ಕಳೆದರು, ಒಳಗೆ ಸೆಕೆ ಎಂದು ದಿನವೂ ಗೊಣಗುತ್ತಿದ್ದರು. ಮಣ್ಣನ್ನು ಬಾವಿಯ ಪಕ್ಕದ ತಗ್ಗಿಗೆ ಸುರಿದೆವು. ಸವುಳು ಮಣ್ಣಾದ್ದರಿಂದ ಅಲ್ಲಿ ಮೂರು ವರ್ಷ ಏನೂ ಬೆಳೆಯಲಿಲ್ಲ.